ಪೈರಿನೊಳಗಿನ ಕಾವಲು

ಒಂದೇ ಬದುವಿನ ಎರಡು ಮಗ್ಗುಲಲ್ಲಿ ಎರಡು ಭತ್ತದ ಗದ್ದೆಗಳಿವೆಯೆಂದು ಭಾವಿಸೋಣ. ಎರಡಕ್ಕೂ ಒಂದೇ ಕಾಲುವೆಯ ನೀರು. ಒಂದೇ ಮಳೆ, ಒಂದೇ ಮಣ್ಣು, ಒಂದೇ ಬಗೆಯ ಗೊಬ್ಬರ. ನಾಟಿಯೂ ಒಂದೇ ವಾರದಲ್ಲಿ ನಡೆದಿದೆ. ಆದರೆ ಪೈರು ತೆನೆಬಿಡುವ ಹೊತ್ತಿಗೆ ಒಂದು ಗದ್ದೆಯಲ್ಲಿ ಎಲೆಗಳ ಅಂಚು ಹಳದಿಯಾಗಿ, ಒಣಗಿ, ಹುಲ್ಲಿನ ಬಣ್ಣಕ್ಕೆ ತಿರುಗಿದೆ. ತೆನೆಯಲ್ಲಿ ಕಾಳಿಗಿಂತ ಜೊಳ್ಳೇ ಹೆಚ್ಚಾಗಿದೆ. ಬದುವಿನ ಆಚೆಯ ಗದ್ದೆಯಾದರೋ ಹಚ್ಚಹಸುರಾಗಿ ನಿಂತಿದೆ. ರೋಗಾಣುವು ಬದುವನ್ನು ದಾಟಲಿಲ್ಲವೆಂದಲ್ಲ. ಗಾಳಿಗೂ ನೀರಿಗೂ ಬದುವಿನ ಅಡ್ಡಿಯಿಲ್ಲ. ರೋಗಾಣು ದಾಟಿ ಬಂದಿದೆ, ಎಲೆಯನ್ನು ಮುಟ್ಟಿದೆ, ಒಳಗೂ ಹೊಕ್ಕಿದೆ. ಆದರೆ ಅಲ್ಲಿ ಅದನ್ನು ತಡೆಯುವ ಕಾವಲೊಂದು ಎಚ್ಚರವಾಗಿತ್ತು. ಆ ಕಾವಲನ್ನು ಗದ್ದೆಯ ಒಡೆಯನು ಹೊರಗಿನಿಂದ ತಂದು ನಿಲ್ಲಿಸಿದ್ದಲ್ಲ. ಅದು ಬಿತ್ತಿದ ಬೀಜದೊಳಗೇ ಇತ್ತು. ಈ ಕಾವಲು ಯಾವುದು, ಅದು ಹೇಗೆ ಕೆಲಸ ಮಾಡುತ್ತದೆ, ಮನುಷ್ಯನು ಅದನ್ನು ಎಲ್ಲಿಂದ ಹುಡುಕಿ ತಂದನು, ಅದು ಎಷ್ಟು ಕಾಲ ಎಚ್ಚರವಾಗಿರಬಲ್ಲದು ಎಂಬ ವಿಷಯಗಳನ್ನು ಇಲ್ಲಿ ವಿಚಾರ ಮಾಡೋಣ.

ಜಗತ್ತಿನ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಕ್ಕಿಯೇ ಮುಖ್ಯ ಆಹಾರ. ಇಷ್ಟು ಜನರ ಹಸಿವನ್ನು ಹಿಂಗಿಸುವ ಪೈರಿಗೆ ಶತ್ರುಗಳೂ ಹಲವು. ಶಿಲೀಂಧ್ರಗಳೆಂಬ ಬೂಷ್ಟಿನ ಜಾತಿಯವು ಕೆಲವು. ಬರಿಗಣ್ಣಿಗೆ ಕಾಣದ ದುಂಡಾಣುಗಳು, ಎಂದರೆ ಬ್ಯಾಕ್ಟೀರಿಯಗಳು, ಕೆಲವು. ಅವಕ್ಕಿಂತಲೂ ಅತಿಸೂಕ್ಷ್ಮವಾದ ವೈರಸ್ಸುಗಳು ಮತ್ತೆ ಕೆಲವು. ಶಿಲೀಂಧ್ರದಿಂದ ಬರುವ ರೋಗಗಳಲ್ಲಿ ಬೆಂಕಿರೋಗವು ಬಹು ಭೀಕರವಾದದ್ದು. ಎಲೆಗಳ ಮೇಲೆ ಕಣ್ಣಿನ ಆಕಾರದ, ನಡುವೆ ಬೂದಿಬಣ್ಣವೂ ಅಂಚಿನಲ್ಲಿ ಕಂದುಬಣ್ಣವೂ ಇರುವ ಚುಕ್ಕೆಗಳು ಮೂಡುತ್ತವೆ. ರೋಗ ಉಲ್ಬಣಿಸಿದಾಗ ಗದ್ದೆಯೇ ಬೆಂಕಿಯಲ್ಲಿ ಸೀದಂತೆ ಕಾಣುತ್ತದೆ. ತೆನೆಯ ಕುತ್ತಿಗೆಗೆ ರೋಗ ತಗುಲಿತೆಂದರೆ ಆ ಭಾಗ ಕಪ್ಪಾಗಿ, ತೆನೆ ಬಾಗಿ ಮುರಿದು, ಕಾಳು ಜೊಳ್ಳಾಗುತ್ತದೆ. ಈ ಶಿಲೀಂಧ್ರದ ಬೀಜಾಣು ಎಲೆಯ ಮೇಲೆ ಬಿದ್ದು ಮೊಳೆತ ಮೇಲೆ ಗುಮ್ಮಟದಂತಹ ಪುಟ್ಟ ಅಂಗವೊಂದನ್ನು ರಚಿಸಿಕೊಳ್ಳುತ್ತದೆ. ಅದರೊಳಗೆ ವಾಯುಮಂಡಲದ ಒತ್ತಡದ ಸುಮಾರು ೮೦ ಪಟ್ಟು ಒತ್ತಡ ಹುಟ್ಟುತ್ತದೆ. ಆ ಬಲದಿಂದ ಅದು ಎಲೆಯ ಗಟ್ಟಿಯಾದ ಹೊರಪದರವನ್ನು ಚುಚ್ಚಿಕೊಂಡು ಒಳಹೊಗುತ್ತದೆ. ಚೀನಾದಲ್ಲಿ ೧೬೩೭ರಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿಯೇ ಈ ರೋಗದ ಪ್ರಸ್ತಾಪವಿದೆ. ಕರ್ನಾಟಕದಲ್ಲಿ ಮಂಜು, ಜಿನುಗುಮಳೆ, ತಂಪಾದ ರಾತ್ರಿಗಳಿರುವ ಕೊಡಗು ಮತ್ತು ಮಲೆನಾಡಿನ ಸೀಮೆಗಳಲ್ಲಿ ಇದರ ಹಾವಳಿ ಹೆಚ್ಚು. ಕೊಡಗಿನ ಪೊನ್ನಂಪೇಟೆಯಲ್ಲಿ ಈ ರೋಗ ತಾನಾಗಿಯೇ ಬಲವಾಗಿ ಬರುವುದರಿಂದ, ಭತ್ತದ ತಳಿಗಳ ಸಹಿಷ್ಣುತೆಯನ್ನು ಒರೆಗೆ ಹಚ್ಚಿ ನೋಡುವ ದೇಶದ ಕೇಂದ್ರಗಳಲ್ಲಿ ಅದೂ ಒಂದಾಗಿದೆ.

ದುಂಡಾಣುಗಳಿಂದ ಬರುವ ರೋಗಗಳಲ್ಲಿ ಎಲೆಯ ಅಂಗಮಾರಿ ಮುಖ್ಯವಾದುದು. ನಾವು ಮೊದಲು ಕಲ್ಪಿಸಿಕೊಂಡ ಗದ್ದೆಗೆ ತಗುಲಿದ್ದು ಇದೇ. ಜಪಾನಿನ ರೈತರು ೧೮೮೪ರಲ್ಲಿಯೇ ಇದನ್ನು ಗುರುತಿಸಿದ್ದರು. ಎಲೆಯ ಅಂಚಿನಲ್ಲಿರುವ ಸೂಕ್ಷ್ಮ ರಂಧ್ರಗಳ ಮೂಲಕ, ಇಲ್ಲವೇ ಗಾಳಿ ಮಳೆಗಳ ಹೊಡೆತದಿಂದಾದ ಗಾಯಗಳ ಮೂಲಕ ದುಂಡಾಣು ಒಳಸೇರಿ, ನೀರು ಹರಿಯುವ ನಾಳಗಳಲ್ಲಿ ಮನೆಮಾಡಿಕೊಳ್ಳುತ್ತದೆ. ರೋಗ ಹಿಡಿದ ಎಳೆಯ ಎಲೆಯೊಂದನ್ನು ಕತ್ತರಿಸಿ ಅದರ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟರೆ, ಸ್ವಲ್ಪ ಹೊತ್ತಿನಲ್ಲಿ ಹಾಲಿನಂತಹ ಎಳೆಯೊಂದು ಕೆಳಮುಖವಾಗಿ ಇಳಿಯುವುದನ್ನು ಕಾಣಬಹುದು. ಅದು ಕೋಟ್ಯಂತರ ದುಂಡಾಣುಗಳ ಪ್ರವಾಹ. ನಮ್ಮ ದೇಶದಲ್ಲಿ ೧೯೬೩ರಲ್ಲಿ ಬಿಹಾರದಲ್ಲಿಯೂ, ೧೯೭೯ ಮತ್ತು ೧೯೮೦ರಲ್ಲಿ ಪಂಜಾಬ್, ಹರಿಯಾಣ ಪ್ರಾಂತಗಳಲ್ಲಿಯೂ ಈ ರೋಗ ಮಾರಿಯಂತೆ ಹರಡಿತು. ಬೆಂಕಿರೋಗಕ್ಕೆ ಸಿಂಪಡಿಸುವ ಔಷಧಗಳಾದರೂ ಇವೆ. ಅಂಗಮಾರಿಗೆ ತೃಪ್ತಿಕರವಾದ ಔಷಧವಿಲ್ಲ. ಆದುದರಿಂದ ಪೈರಿನ ಸ್ವಂತ ಶಕ್ತಿಯೇ ಇಲ್ಲಿ ರೈತನಿಗೆ ಆಧಾರ.

ಈ ಸ್ವಂತ ಶಕ್ತಿ ಎಂತಹುದು? ಪ್ರಾಣಿಗಳಿಗೆ ಕಾಲಿದೆ, ಓಡಿಹೋಗುತ್ತವೆ. ನಮ್ಮ ದೇಹದಲ್ಲಿ ರಕ್ತವಿದೆ; ರಕ್ತದೊಡನೆ ಸಂಚರಿಸುವ ಬಿಳಿಯ ಕಣಗಳು ರೋಗಾಣು ಹೊಕ್ಕೆಡೆಗೆ ಧಾವಿಸಿ ಹೋರಾಡುತ್ತವೆ. ಸಸ್ಯವು ನಿಂತಲ್ಲಿಯೇ ನಿಂತಿರಬೇಕು. ಅದಕ್ಕೆ ಸಂಚಾರಿ ಸೈನ್ಯವಿಲ್ಲ. ಆದ್ದರಿಂದ ಅದರ ಪ್ರತಿಯೊಂದು ಜೀವಕೋಶವೂ ತನ್ನ ರಕ್ಷಣೆಯನ್ನು ತಾನೇ ಮಾಡಿಕೊಳ್ಳಬೇಕು. ಜೀವಕೋಶದ ಪೊರೆಯ ಮೇಲೆಯೂ ಒಳಗೂ ಕೆಲವು ಪ್ರೋಟೀನುಗಳು ಕಾವಲುಗಾರರಂತೆ ಇರುತ್ತವೆ. ಶತ್ರುವಿನ ಗುರುತು ಸಿಕ್ಕ ಒಡನೆ ಅವು ಒಳಗೆ ಸುದ್ದಿ ಮುಟ್ಟಿಸುತ್ತವೆ. ಆಗ ಜೀವಕೋಶವು ತನ್ನ ಗೋಡೆಯನ್ನು ಬಲಪಡಿಸಿಕೊಳ್ಳುತ್ತದೆ, ರೋಗಾಣುವಿಗೆ ಮಾರಕವಾದ ದ್ರವ್ಯಗಳನ್ನು ತಯಾರಿಸುತ್ತದೆ. ಎಷ್ಟೋ ವೇಳೆ ರೋಗಾಣು ಹೊಕ್ಕ ಜೀವಕೋಶವೂ ಅದರ ಸುತ್ತಲಿನ ಕೆಲವು ಜೀವಕೋಶಗಳೂ ತಾವಾಗಿಯೇ ಸಾಯುತ್ತವೆ. ಹಾಗೆ ಸತ್ತ ಕೋಶಗಳ ನಡುವೆ ಸಿಕ್ಕಿಬಿದ್ದ ಶಿಲೀಂಧ್ರವು ಮುಂದಕ್ಕೆ ಹರಡಲಾರದೆ ಅಲ್ಲಿಯೇ ನಾಶವಾಗುತ್ತದೆ. ಬೆಂಕಿರೋಗವನ್ನು ತಡೆದುಕೊಂಡ ಎಲೆಯ ಮೇಲೆ ಸೂಜಿಮೊನೆಯಷ್ಟು ಚಿಕ್ಕ ಕಂದು ಚುಕ್ಕೆಗಳು ಮಾತ್ರ ಕಾಣುವುದು ಈ ಕಾರಣದಿಂದ. ಕೆಲವು ಕೋಶಗಳ ಬಲಿದಾನದಿಂದ ಇಡಿಯ ಗಿಡ ಉಳಿಯುತ್ತದೆ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆ ಗಿಡಗಳಿಗೂ ಅನ್ವಯಿಸುತ್ತದೆ. ಬಣ್ಣ, ಎತ್ತರ, ಕಾಳಿನ ಗಾತ್ರಗಳು ಹೇಗೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತವೆಯೋ ಹಾಗೆಯೇ ಈ ಕಾವಲೂ ಇಳಿದು ಬರುತ್ತದೆ. ಗುಣಗಳನ್ನು ಹೊತ್ತು ತರುವ ಘಟಕಗಳಿಗೆ ವಂಶವಾಹಿಗಳೆಂದು ಹೆಸರು. ಪ್ರತಿಯೊಂದು ಗುಣಕ್ಕೂ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಪ್ರತಿಗಳು ಬರುತ್ತವೆಂದು ಗ್ರೆಗರ್ ಮೆಂಡೆಲ್ ಎಂಬ ಕ್ರೈಸ್ತ ಸಂನ್ಯಾಸಿ ಬಟಾಣಿ ಗಿಡಗಳ ಮೇಲೆ ಪ್ರಯೋಗ ನಡೆಸಿ ೧೮೬೬ರಲ್ಲಿ ಪ್ರಕಟಿಸಿದನು. ಎರಡು ಪ್ರತಿಗಳು ಬೇರೆಬೇರೆಯಾಗಿದ್ದಾಗ ಯಾವುದು ತನ್ನ ಗುಣವನ್ನು ತೋರಿಸುತ್ತದೆಯೋ ಅದು ಪ್ರಬಲ. ಮರೆಯಾಗಿ ಉಳಿಯುವುದು ದುರ್ಬಲ. ಮೆಂಡೆಲನ ಮಾತನ್ನು ಲೋಕವು ೧೯೦೦ರವರೆಗೆ ಮರೆತೇಬಿಟ್ಟಿತ್ತು.

ರೋಗವನ್ನು ತಡೆಯುವ ಶಕ್ತಿಯೂ ಇದೇ ನಿಯಮಕ್ಕೆ ಒಳಪಟ್ಟಿದೆಯೆಂದು ತೋರಿಸಿಕೊಟ್ಟವನು ಇಂಗ್ಲೆಂಡಿನ ಕೇಂಬ್ರಿಜ್‌ನ ರೋಲೆಂಡ್ ಬಿಫೆನ್. ಆತನು ತುಕ್ಕುರೋಗ ತಡೆಯುವ ಗೋಧಿಗೂ ತಡೆಯದ ಗೋಧಿಗೂ ಸಂಕರ ಮಾಡಿದನು. ಮೊದಲನೆಯ ತಲೆಮಾರಿನ ಗಿಡಗಳೆಲ್ಲವೂ ರೋಗಕ್ಕೆ ತುತ್ತಾದವು. ಬೇರೊಬ್ಬನಾಗಿದ್ದರೆ ಪ್ರಯತ್ನ ವ್ಯರ್ಥವಾಯಿತೆಂದು ಕೈಬಿಡುತ್ತಿದ್ದನೇನೋ. ಬಿಫೆನ್ ಆ ರೋಗಿಷ್ಠ ಗಿಡಗಳ ಕಾಳುಗಳನ್ನೇ ಬಿತ್ತಿದನು. ಎರಡನೆಯ ತಲೆಮಾರಿನಲ್ಲಿ ಮೂರು ಪಾಲು ಗಿಡಗಳಿಗೆ ರೋಗ ಬಂದಿತು. ಉಳಿದ ಒಂದು ಪಾಲು ನಿರೋಗಿಯಾಗಿ ನಿಂತಿತು. ಆ ಗೋಧಿಯಲ್ಲಿ ರೋಗನಿರೋಧವು ದುರ್ಬಲ ಗುಣವಾಗಿದ್ದುದರಿಂದ ಒಂದು ತಲೆಮಾರು ಮರೆಯಾಗಿದ್ದು ಮತ್ತೆ ಹೊರಬಿದ್ದಿತ್ತು. ೧೯೦೫ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ, ರೋಗನಿರೋಧವು ದೈವಯೋಗವಲ್ಲ, ಒಂದು ತಳಿಯಿಂದ ಇನ್ನೊಂದು ತಳಿಗೆ ದಾಟಿಸಬಹುದಾದ ಆಸ್ತಿ ಎಂಬುದು ಸ್ಪಷ್ಟವಾಯಿತು.

ಆದರೆ ರೋಗವೆಂಬುದು ಇಬ್ಬರ ನಡುವಣ ವ್ಯವಹಾರ. ಗಿಡದ ಕಡೆಯನ್ನು ಮಾತ್ರ ನೋಡಿದರೆ ಸಾಲದು. ಅಮೆರಿಕದ ಉತ್ತರ ಡಕೋಟಾದಲ್ಲಿ ಎಚ್. ಎಚ್. ಫ್ಲೋರ್ ಎಂಬ ವಿಜ್ಞಾನಿ ಅಗಸೆ ಗಿಡವನ್ನೂ ಅದಕ್ಕೆ ತಗುಲುವ ತುಕ್ಕಿನ ಶಿಲೀಂಧ್ರವನ್ನೂ ಜೊತೆಯಾಗಿ ಅಭ್ಯಾಸ ಮಾಡಿದನು. ಗಿಡದಲ್ಲಿ ಮಾತ್ರವಲ್ಲದೆ ಶಿಲೀಂಧ್ರದಲ್ಲಿಯೂ ಸಂಕರ ನಡೆಸಿ ೧೯೪೦ರ ದಶಕದಲ್ಲಿ ಒಂದು ಮಹತ್ತ್ವದ ತತ್ತ್ವವನ್ನು ಕಂಡುಕೊಂಡನು. ಗಿಡದಲ್ಲಿರುವ ಪ್ರತಿಯೊಂದು ನಿರೋಧಕ ವಂಶವಾಹಿಗೂ ಸರಿಯಾಗಿ ರೋಗಾಣುವಿನಲ್ಲಿ ಒಂದೊಂದು ವಂಶವಾಹಿ ಇದೆ. ಗಿಡದ ಕಾವಲುಗಾರನು ಗುರುತಿಸುವುದು ರೋಗಾಣುವಿನ ಆ ಒಂದು ಲಕ್ಷಣವನ್ನೇ. ಹಣೆಯ ಮೇಲಿನ ಮಚ್ಚೆಯನ್ನು ನೋಡಿ ಕಳ್ಳನನ್ನು ಹಿಡಿಯುವ ಕಾವಲುಗಾರನಂತೆ ಇದು. ಮಚ್ಚೆಯಿದ್ದವನು ಸಿಕ್ಕಿಬೀಳುತ್ತಾನೆ, ಮಚ್ಚೆಯಿಲ್ಲದವನು ಕಾವಲುಗಾರನ ಎದುರಿನಲ್ಲಿಯೇ ನಡೆದುಹೋಗುತ್ತಾನೆ. ಈ ಗುರುತು ಎಷ್ಟು ಸೂಕ್ಷ್ಮವೆಂಬುದಕ್ಕೆ ಭತ್ತದಲ್ಲಿಯೇ ನಿದರ್ಶನವಿದೆ. ಬೆಂಕಿರೋಗವನ್ನು ತಡೆಯುವ ‘ಪೈ-ಟಿಎ’ ಎಂಬ ವಂಶವಾಹಿಯ ರಚನೆ ೨೦೦೦ದಲ್ಲಿ ತಿಳಿದುಬಂದಿತು. ಅದು ತಯಾರಿಸುವ ಪ್ರೋಟೀನಿನಲ್ಲಿ ಒಂಬೈನೂರಕ್ಕೂ ಹೆಚ್ಚು ಅಮೈನೋ ಆಮ್ಲಗಳಿವೆ. ರೋಗ ತಡೆಯುವ ತಳಿಗೂ ತಡೆಯದ ತಳಿಗೂ ಇರುವ ನಿರ್ಣಾಯಕ ವ್ಯತ್ಯಾಸ ಅವುಗಳಲ್ಲಿ ಒಂದೇ ಒಂದು ಮಾತ್ರ.

ಇದರಿಂದ ಒಂದು ಅಪಾಯವೂ ಉಂಟಾಗುತ್ತದೆ. ರೋಗಾಣುಗಳು ಅಪಾರ ಸಂಖ್ಯೆಯಲ್ಲಿ, ಅತಿ ಶೀಘ್ರವಾಗಿ ವೃದ್ಧಿಯಾಗುತ್ತವೆ. ಅವುಗಳಲ್ಲಿ ಆಗೊಂದು ಈಗೊಂದು ಆಕಸ್ಮಿಕವಾಗಿ ತನ್ನ ಗುರುತನ್ನು ಕಳೆದುಕೊಂಡು ಹುಟ್ಟುತ್ತದೆ. ಸಾಮಾನ್ಯವಾಗಿ ಅದು ಉಳಿದವುಗಳ ನಡುವೆ ಲೆಕ್ಕಕ್ಕೆ ಬಾರದೆ ಹೋಗುತ್ತದೆ. ಆದರೆ ನಾಡಿನ ಗದ್ದೆಗಳಲ್ಲೆಲ್ಲ ಒಂದೇ ತಳಿ, ಒಂದೇ ಕಾವಲು ಇದ್ದರೆ ಉಳಿದ ರೋಗಾಣುಗಳೆಲ್ಲ ಸಾಯುತ್ತವೆ. ಗುರುತಿಲ್ಲದ ಈ ಒಂದಕ್ಕೆ ಇಡಿಯ ನಾಡೇ ಔತಣದ ಎಲೆಯಾಗುತ್ತದೆ. ದಕ್ಷಿಣ ಕೊರಿಯದಲ್ಲಿ ನಡೆದದ್ದು ಇದೇ. ಅಲ್ಲಿ ೧೯೭೦ರ ದಶಕದ ಮೊದಲಲ್ಲಿ ತೊಂಗಿಲ್ ಎಂಬ ಅಧಿಕ ಇಳುವರಿಯ ಭತ್ತವನ್ನು ರೈತರಿಗೆ ಕೊಡಲಾಯಿತು. ಅದು ಬೆಂಕಿರೋಗವನ್ನು ಚೆನ್ನಾಗಿ ತಡೆಯುತ್ತಿತ್ತು. ಕೆಲವೇ ವರ್ಷಗಳಲ್ಲಿ ಆ ದೇಶದ ಗದ್ದೆಗಳ ಹೆಚ್ಚಿನ ಪಾಲನ್ನು ಆ ಜಾತಿಯ ತಳಿಗಳೇ ವ್ಯಾಪಿಸಿದವು. ೧೯೭೭ರಲ್ಲಿ ದೇಶವು ಅಕ್ಕಿಯಲ್ಲಿ ಸ್ವಾವಲಂಬಿಯಾಯಿತೆಂದು ಸಂಭ್ರಮಪಟ್ಟಿತು. ಮರುವರ್ಷವೇ, ೧೯೭೮ರಲ್ಲಿ, ಬೆಂಕಿರೋಗದ ಹೊಸ ಬಗೆಯೊಂದು ಅದೇ ತಳಿಗಳ ಮೇಲೆರಗಿ ಅಪಾರ ಹಾನಿಯನ್ನುಂಟುಮಾಡಿತು. ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂಬ ಗಾದೆ ರೋಗಾಣುವಿಗೆ ಒಪ್ಪುವಷ್ಟು ಬೇರೆ ಯಾರಿಗೂ ಒಪ್ಪಲಾರದು.

ಹಾಗಾದರೆ ಹೊಸ ಕಾವಲುಗಾರರನ್ನು ಎಲ್ಲಿಂದ ತರಬೇಕು? ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಭತ್ತದ ವಿಷಯದಲ್ಲಿ ಹಿತ್ತಲಿನ ಗಿಡವೇ, ಅಷ್ಟೇಕೆ, ಕೆರೆಯಂಚಿನ ಕಳೆಯೇ ಮದ್ದಾಯಿತು. ೧೯೭೦ರ ಸುಮಾರಿನಲ್ಲಿ ಆಗ್ನೇಯ ಏಷ್ಯದ ಗದ್ದೆಗಳಲ್ಲಿ ಹುಲ್ಲುಗಿಡ್ಡ ರೋಗವೆಂದು ಕರೆಯಬಹುದಾದ ವೈರಸ್ ರೋಗವೊಂದು ಕಾಣಿಸಿಕೊಂಡಿತು. ಕಂದು ಜಿಗಿಹುಳುವಿನ ಮೂಲಕ ಹರಡುವ ಈ ರೋಗ ತಗುಲಿದ ಪೈರು ಕುಳ್ಳಾಗಿ, ಲೆಕ್ಕವಿಲ್ಲದಷ್ಟು ತೆಂಡೆಯೊಡೆದು, ತೆನೆಯಿಲ್ಲದ ಹುಲ್ಲಿನ ಬುಡದಂತಾಗುತ್ತದೆ. ಫಿಲಿಪ್ಪೀನ್ಸ್ ದೇಶದಲ್ಲಿ ೧೯೬೦ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆಯವರು ತಮ್ಮ ಸಂಗ್ರಹದಲ್ಲಿದ್ದ ಆರು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಬಿತ್ತಿ ಪರೀಕ್ಷಿಸಿದರು. ರೋಗವನ್ನು ಚೆನ್ನಾಗಿ ತಡೆದದ್ದು ಒಂದೇ ಒಂದು ಮಾದರಿ. ಅದು ಭಾರತದ ಉತ್ತರಪ್ರದೇಶದಿಂದ ಹೋಗಿದ್ದ ಒರೈಜ ನಿವಾರ ಎಂಬ ಕಾಡುಭತ್ತ. ಕೆರೆಕುಂಟೆಗಳ ಅಂಚಿನಲ್ಲಿ ಬೆಳೆಯುವ, ಮಾಗುವ ಮುನ್ನವೇ ಕಾಳುದುರಿಸುವ ಹುಲ್ಲು ಅದು. ಅದರಲ್ಲಿದ್ದ ಒಂದು ಪ್ರಬಲ ವಂಶವಾಹಿಯನ್ನು ಪಂಜಾಬಿನಲ್ಲಿ ಹುಟ್ಟಿದ ತಳಿವಿಜ್ಞಾನಿ ಗುರುದೇವ್ ಖುಷ್ ಮತ್ತು ಅವರ ಸಂಗಡಿಗರು ಸಾಗುವಳಿಯ ಭತ್ತಕ್ಕೆ ದಾಟಿಸಿದರು. ೧೯೭೬ರಲ್ಲಿ ಬಿಡುಗಡೆಯಾದ ಐ.ಆರ್. ೩೬ ಎಂಬ ತಳಿಯಲ್ಲಿ ಆ ವಂಶವಾಹಿಯಿತ್ತು. ೧೯೮೦ರ ದಶಕದಲ್ಲಿ ಆ ತಳಿ ಒಂದು ಕೋಟಿ ಹೆಕ್ಟೇರಿಗೂ ಮೀರಿದ ಪ್ರದೇಶದಲ್ಲಿ ಬೆಳೆಯಿತು. ಆ ಒಂದು ಮಾದರಿಯನ್ನು ಕೂಡಿಡುವ ಮುನ್ನವೇ ಆ ಕೆರೆಯಂಚು ಬತ್ತಿಹೋಗಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು.

ಅಂಗಮಾರಿ ರೋಗದ ಕಥೆಯೂ ಇಂತಹುದೇ. ೧೯೪೬ರಲ್ಲಿ ಕಟಕ್‌ನಲ್ಲಿ ಸ್ಥಾಪನೆಯಾದ ಕೇಂದ್ರೀಯ ಭತ್ತ ಸಂಶೋಧನ ಸಂಸ್ಥೆಯಲ್ಲಿ ದೇವದತ್ ಎಂಬ ವಿಜ್ಞಾನಿ ೧೯೭೭ರಲ್ಲಿ ಪಶ್ಚಿಮ ಆಫ್ರಿಕದ ಮಾಲಿ ದೇಶದ ಕಾಡುಭತ್ತವೊಂದನ್ನು ಪರೀಕ್ಷಿಸಿದರು. ನಮ್ಮ ದೇಶದ ಅಂಗಮಾರಿ ದುಂಡಾಣುವಿನ ಯಾವ ಬಗೆಯನ್ನು ಹಚ್ಚಿದರೂ ಅದು ರೋಗಕ್ಕೆ ಬಾಗಲಿಲ್ಲ. ಆದರೆ ಊಟಕ್ಕೆ ಅದು ಬಾರದು. ಖುಷ್ ಅವರ ತಂಡವು ಆ ಕಾಡುಭತ್ತವನ್ನು ಸಾಗುವಳಿಯ ತಳಿಯೊಂದಿಗೆ ಸಂಕರ ಮಾಡಿ, ಹನ್ನೆರಡು ವರ್ಷಗಳ ಕಾಲ ಶ್ರಮಿಸಿ, ಅದರ ನಿರೋಧಕ ಶಕ್ತಿಯೊಂದನ್ನೇ ಬೇರ್ಪಡಿಸಿ ತಂದಿತು. ಆ ವಂಶವಾಹಿಗೆ ‘ಎಕ್ಸ್‌ಎ-೨೧’ ಎಂದು ಹೆಸರಾಯಿತು. ಭತ್ತದ ಹನ್ನೆರಡು ಜೊತೆ ವರ್ಣತಂತುಗಳಲ್ಲಿ ಹನ್ನೊಂದನೆಯದರ ಮೇಲೆ ಅದರ ಸ್ಥಾನ. ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಪಮೇಲಾ ರೊನಾಲ್ಡ್ ಮತ್ತು ಸಂಗಡಿಗರು ೧೯೯೫ರಲ್ಲಿ ಅದನ್ನು ಪ್ರತ್ಯೇಕಿಸಿ ಅದರ ರಚನೆಯನ್ನು ತಿಳಿಸಿದರು. ಅದು ತಯಾರಿಸುವ ಪ್ರೋಟೀನು ಜೀವಕೋಶದ ಪೊರೆಯಲ್ಲಿ ನಿಂತಿರುತ್ತದೆ: ಅದರ ಒಂದು ತುದಿ ಹೊರಗೆ, ಮತ್ತೊಂದು ತುದಿ ಒಳಗೆ. ಹೊರತುದಿಯು ದುಂಡಾಣುವಿನ ಗುರುತನ್ನು ಹಿಡಿಯುತ್ತದೆ. ಒಳತುದಿಯು ಎಚ್ಚರಿಕೆಯ ಸುದ್ದಿಯನ್ನು ಸಾರುತ್ತದೆ. ಕಾವಲುಗಾರನೆಂಬ ಮಾತು ಇಲ್ಲಿ ಬರಿಯ ಉಪಮೆಯಾಗಿ ಉಳಿಯದೆ ಅಕ್ಷರಶಃ ಸತ್ಯವಾಯಿತು.

ಕಾಡುಭತ್ತದ ಒಂದು ಗುಣವನ್ನು ಮಾತ್ರ ತರುವುದೆಂದರೆ ಸುಲಭವಲ್ಲ. ಭತ್ತದ ಹೂವು ತನ್ನ ಪರಾಗದಿಂದಲೇ ತಾನು ಫಲಿಸುತ್ತದೆ. ಆದ್ದರಿಂದ ತಳಿವಿಜ್ಞಾನಿಯು ಹೂವು ಅರಳುವ ಮುನ್ನವೇ ಅದರ ತುದಿಯನ್ನು ಕತ್ತರಿಸಿ, ಒಳಗಿರುವ ಆರು ಪರಾಗಕೋಶಗಳನ್ನು ಚಿಮುಟದಿಂದ ತೆಗೆದು, ತೆನೆಗೆ ಕಾಗದದ ಚೀಲ ತೊಡಿಸುತ್ತಾನೆ. ಮರುದಿನ ಮತ್ತೊಂದು ಗಿಡದ ಪರಾಗವನ್ನು ಅದರ ಮೇಲೆ ಉದುರಿಸುತ್ತಾನೆ. ಹೀಗೆ ಹುಟ್ಟಿದ ಗಿಡದಲ್ಲಿ ಅರ್ಧ ಭಾಗ ಕಾಡಿನದು, ಅರ್ಧ ಭಾಗ ಗದ್ದೆಯದು. ಅದನ್ನು ಮತ್ತೆ ಗದ್ದೆಯ ತಳಿಯೊಂದಿಗೇ ಕೂಡಿಸಿದರೆ ಗದ್ದೆಯ ಪಾಲು ಮುಕ್ಕಾಲಾಗುತ್ತದೆ. ಇನ್ನೊಮ್ಮೆ ಕೂಡಿಸಿದರೆ ಎಂಟರಲ್ಲಿ ಏಳು ಪಾಲು, ಮತ್ತೊಮ್ಮೆ ಕೂಡಿಸಿದರೆ ಹದಿನಾರರಲ್ಲಿ ಹದಿನೈದು ಪಾಲು, ನಾಲ್ಕನೆಯ ಸಲ ಮೂವತ್ತೆರಡರಲ್ಲಿ ಮೂವತ್ತೊಂದು ಪಾಲು. ಪ್ರತಿ ಸಲವೂ ಹುಟ್ಟಿದ ಗಿಡಗಳಿಗೆ ರೋಗವನ್ನು ಹಚ್ಚಿ ನೋಡಿ, ಬದುಕಿ ಉಳಿದವನ್ನೇ ಆರಿಸಿಕೊಳ್ಳಬೇಕು. ಹೀಗೆ ತಾಯಿತಳಿಯೊಂದಿಗೇ ಮರಳಿ ಮರಳಿ ಕೂಡಿಸುವುದಕ್ಕೆ ಮರುಸಂಕರವೆಂದು ಹೆಸರು.

ಎಲ್ಲ ಕಾವಲುಗಳೂ ಕಳ್ಳನನ್ನು ಗುರುತಿಸುವುದರಿಂದಲೇ ಕೆಲಸ ಮಾಡುತ್ತವೆಂದು ತಿಳಿಯಬಾರದು. ‘ಎಕ್ಸ್‌ಎ-೧೩’ ಎಂಬ ವಂಶವಾಹಿಯ ರೀತಿಯೇ ಬೇರೆ. ಜೀವಕೋಶದಿಂದ ಸಕ್ಕರೆಯನ್ನು ಹೊರಬಿಡುವ ಬಾಗಿಲೊಂದು ಭತ್ತದಲ್ಲಿದೆ. ಪರಾಗದ ಬೆಳವಣಿಗೆಗೆ ಅದು ಬೇಕು. ಅಂಗಮಾರಿಯ ದುಂಡಾಣು ಬಹಳ ಜಾಣ. ಅದು ತನ್ನ ಪ್ರೋಟೀನೊಂದನ್ನು ಎಲೆಯ ಜೀವಕೋಶದೊಳಕ್ಕೆ ಕಳುಹಿಸಿ, ಅಲ್ಲಿ ಮುಚ್ಚಿರಬೇಕಾದ ಈ ಬಾಗಿಲನ್ನು ಗಿಡದ ಕೈಯಿಂದಲೇ ತೆರೆಯಿಸುತ್ತದೆ. ಮನೆಯವನೇ ಕಣಜದ ಬಾಗಿಲನ್ನು ಕಳ್ಳನಿಗೆ ತೆರೆದುಕೊಟ್ಟಂತೆ, ಗಿಡವು ತನ್ನ ಸಕ್ಕರೆಯಿಂದ ತನ್ನ ಶತ್ರುವನ್ನೇ ಸಾಕುತ್ತದೆ. ‘ಎಕ್ಸ್‌ಎ-೧೩’ ಇರುವ ಗಿಡದಲ್ಲಿ ಆ ಬಾಗಿಲಿನ ಚಿಲಕ ಬದಲಾಗಿದೆ. ದುಂಡಾಣುವಿನ ಕೈಗೆ ಅದು ಸಿಕ್ಕುವುದಿಲ್ಲ. ಕದ್ದು ತಿನ್ನಲು ಸಕ್ಕರೆ ದೊರೆಯದೆ ದುಂಡಾಣು ಕ್ಷೀಣಿಸುತ್ತದೆ. ಆದರೆ ಗಿಡದ ಎರಡು ಪ್ರತಿಗಳಲ್ಲಿ ಒಂದರಲ್ಲಿ ಹಳೆಯ ಚಿಲಕವಿದ್ದರೂ ಸಾಕು, ಬಾಗಿಲು ತೆರೆದುಕೊಳ್ಳುತ್ತದೆ. ಆದುದರಿಂದಲೇ ಈ ನಿರೋಧವು ದುರ್ಬಲ ಗುಣ. ಮೆಂಡೆಲನ ಪ್ರಬಲ, ದುರ್ಬಲ ಎಂಬ ಮಾತುಗಳ ಹಿಂದೆ ಇಂತಹ ಕಾರಣಗಳಿರುತ್ತವೆಂಬುದು ಗಮನಾರ್ಹ.

ಒಂದು ಕಾವಲನ್ನು ರೋಗಾಣು ದಾಟಬಲ್ಲದಾದರೆ ಒಂದೇ ಗಿಡದಲ್ಲಿ ಹಲವು ಕಾವಲುಗಳನ್ನು ಏಕೆ ಇಡಬಾರದು? ಹತ್ತು ಲಕ್ಷ ರೋಗಾಣುಗಳಲ್ಲಿ ಒಂದು ಮೊದಲನೆಯ ಕಾವಲನ್ನು ತಪ್ಪಿಸಿಕೊಳ್ಳಬಲ್ಲದೆಂದು ಇಟ್ಟುಕೊಳ್ಳೋಣ. ಎರಡನೆಯದನ್ನೂ ಹಾಗೆಯೇ ಹತ್ತು ಲಕ್ಷದಲ್ಲಿ ಒಂದು ಮಾತ್ರ ತಪ್ಪಿಸಿಕೊಳ್ಳಬಲ್ಲದು. ಎರಡನ್ನೂ ಒಟ್ಟಿಗೆ ತಪ್ಪಿಸಿಕೊಳ್ಳಬೇಕಾದರೆ ಹತ್ತು ಲಕ್ಷವನ್ನು ಹತ್ತು ಲಕ್ಷದಿಂದ ಗುಣಿಸಿದಷ್ಟು ರೋಗಾಣುಗಳಲ್ಲಿ ಒಂದಕ್ಕೆ ಮಾತ್ರ ಅದು ಸಾಧ್ಯ. ಆದರೆ ಇಲ್ಲಿ ಒಂದು ತೊಡಕಿದೆ. ಒಂದು ಕಾವಲು ರೋಗವನ್ನು ತಡೆಯುತ್ತಿರುವಾಗ ಅದರ ಹಿಂದೆ ಇನ್ನೂ ಎರಡು ಕಾವಲುಗಳಿವೆಯೋ ಇಲ್ಲವೋ ಎಂಬುದು ಗಿಡವನ್ನು ನೋಡಿದರೆ ತಿಳಿಯುವುದಿಲ್ಲ. ದುರ್ಬಲ ಗುಣವಂತೂ ಮರುಸಂಕರದ ಗಿಡಗಳಲ್ಲಿ ಹೊರಗೆ ಕಾಣುವುದೇ ಇಲ್ಲ. ವಂಶವಾಹಿಗಳು ಡಿ.ಎನ್.ಎ. ಎಂಬ ರಾಸಾಯನಿಕ ವಸ್ತುವಿನಿಂದಾಗಿವೆ. ಪ್ರತಿಯೊಂದು ವಂಶವಾಹಿಯ ಪಕ್ಕದಲ್ಲಿ ಅದರೊಂದಿಗೇ ಸಾಗುವ ಕೆಲವು ಗುರುತುಗಳು ಡಿ.ಎನ್.ಎ.ಯಲ್ಲಿ ಇರುತ್ತವೆ. ಎಳೆಯ ಸಸಿಯ ಎಲೆಯ ಒಂದು ಚೂರಿನಿಂದ ಈ ಗುರುತುಗಳನ್ನು ಪರೀಕ್ಷಿಸಿದರೆ, ರೋಗ ಹಚ್ಚದೆಯೇ, ಯಾವ ಯಾವ ವಂಶವಾಹಿಗಳು ಬಂದಿವೆಯೆಂದು ಹೇಳಬಹುದು.

ಹೈದರಾಬಾದಿನ ಭತ್ತ ಸಂಶೋಧನ ನಿರ್ದೇಶನಾಲಯ ಮತ್ತು ಕೋಶ ಹಾಗೂ ಅಣುಜೀವಶಾಸ್ತ್ರ ಕೇಂದ್ರಗಳ ವಿಜ್ಞಾನಿಗಳು ಕೈಗೊಂಡ ಕಾರ್ಯ ಇದೇ. ಆಂಧ್ರಪ್ರದೇಶದ ಬಾಪಟ್ಲದಿಂದ ೧೯೮೬ರಲ್ಲಿ ಬಿಡುಗಡೆಯಾದ ಬಿ.ಪಿ.ಟಿ. ೫೨೦೪, ಎಂದರೆ ಸಾಂಬಾ ಮಸೂರಿ, ಸಣ್ಣ ಕಾಳಿನ ಸೊಗಸಾದ ಅಕ್ಕಿ. ಕರ್ನಾಟಕದ ತುಂಗಭದ್ರಾ ಅಚ್ಚುಕಟ್ಟಿನಲ್ಲಿಯೂ ರೈತರು ಅದನ್ನು ಮೆಚ್ಚಿ ಬೆಳೆಯುತ್ತಾರೆ. ಆದರೆ ಅಂಗಮಾರಿಗೆ ಅದು ಬಹುಬೇಗ ತುತ್ತಾಗುತ್ತಿತ್ತು. ವಿಜ್ಞಾನಿಗಳು ‘ಎಕ್ಸ್‌ಎ-೨೧’, ‘ಎಕ್ಸ್‌ಎ-೧೩’, ‘ಎಕ್ಸ್‌ಎ-೫’ ಎಂಬ ಮೂರು ವಂಶವಾಹಿಗಳನ್ನು ನಾಲ್ಕು ಸಲ ಮರುಸಂಕರ ಮಾಡಿ, ಪ್ರತಿ ತಲೆಮಾರಿನಲ್ಲಿಯೂ ಡಿ.ಎನ್.ಎ. ಗುರುತುಗಳಿಂದ ಗಿಡಗಳನ್ನು ಆರಿಸಿ, ಅದಕ್ಕೆ ಸೇರಿಸಿದರು. ‘ಸುಧಾರಿತ ಸಾಂಬಾ ಮಸೂರಿ’ ಎಂಬ ಹೆಸರಿನಿಂದ ಅದು ೨೦೦೮ರಲ್ಲಿ ಬಳಕೆಗೆ ಬಂದಿತು. ಅಕ್ಕಿಯ ರೂಪವೂ ರುಚಿಯೂ ಹಿಂದಿನಂತೆಯೇ ಉಳಿದು, ಕಾವಲು ಮಾತ್ರ ಹೊಸದಾಯಿತು.

ಹಾಗೆಂದು ರೋಗನಿರೋಧವೆಲ್ಲವೂ ಇಂತಹ ಬಲಿಷ್ಠ ವಂಶವಾಹಿಗಳದೇ ಎನ್ನಲಾಗದು. ರೋಗವನ್ನು ಪೂರ್ತಿಯಾಗಿ ತಡೆಯದೆ, ಅದರ ವೇಗವನ್ನು ಮಾತ್ರ ತಗ್ಗಿಸುವ ವಂಶವಾಹಿಗಳೂ ಇವೆ. ಇವುಗಳ ಕೆಲಸ ಮಂದವಾದರೂ ಬಾಳಿಕೆ ಹೆಚ್ಚು. ಜಪಾನಿನ ಬೆದ್ದಲು ಭತ್ತದಲ್ಲಿ ಬೆಂಕಿರೋಗವನ್ನು ಹೀಗೆ ಹತೋಟಿಯಲ್ಲಿಡುವ ವಂಶವಾಹಿಯೊಂದಿತ್ತು. ಅದನ್ನು ತಂದ ತಳಿಗಳ ಅನ್ನಕ್ಕೆ ಮಾತ್ರ ರುಚಿಯಿರುತ್ತಿರಲಿಲ್ಲ. ರುಚಿಗೆಡಿಸುವ ಅಂಶವು ಅದರ ಮಗ್ಗುಲಲ್ಲಿಯೇ ಅಂಟಿಕೊಂಡಿದೆಯೆಂದು ತಿಳಿದು, ಎರಡನ್ನೂ ಬೇರ್ಪಡಿಸಲು ವಿಜ್ಞಾನಿಗಳಿಗೆ ಸಾಧ್ಯವಾದದ್ದನ್ನು ೨೦೦೯ರಲ್ಲಿ ಪ್ರಕಟಿಸಲಾಯಿತು. ಉಣ್ಣುವವರ ನಾಲಗೆಯನ್ನೂ ತಳಿವಿಜ್ಞಾನಿ ಮರೆಯುವಂತಿಲ್ಲ.

ವಂಶವಾಹಿಗಳನ್ನು ಒಂದು ಗಿಡದಲ್ಲಿ ಕೂಡಿಸುವಂತೆಯೇ, ತಳಿಗಳನ್ನು ಒಂದು ಗದ್ದೆಯಲ್ಲಿ ಕೂಡಿಸುವುದೂ ಒಂದು ಉಪಾಯ. ಚೀನಾದ ಯುನ್ನಾನ್ ಪ್ರಾಂತದಲ್ಲಿ ೧೯೯೮ ಮತ್ತು ೧೯೯೯ರಲ್ಲಿ ಸಾವಿರಾರು ರೈತರು ಒಂದು ಪ್ರಯೋಗದಲ್ಲಿ ಪಾಲ್ಗೊಂಡರು. ಬೆಂಕಿರೋಗವನ್ನು ತಡೆಯುವ ಸಂಕರ ಭತ್ತದ ಸಾಲುಗಳ ನಡುನಡುವೆ, ಬೆಲೆಬಾಳುವ ಆದರೆ ಸುಲಭವಾಗಿ ರೋಗಕ್ಕೆ ತುತ್ತಾಗುವ ಅಂಟಕ್ಕಿಯ ಭತ್ತವನ್ನು ನಾಟಿ ಮಾಡಿದರು. ಒಂಟಿಯಾಗಿ ಬೆಳೆದಾಗಿನ ಅಂಟಕ್ಕಿಗೆ ಹೋಲಿಸಿದರೆ, ಹೀಗೆ ಬೆರೆಸಿ ಬೆಳೆದ ಅಂಟಕ್ಕಿಯಲ್ಲಿ ರೋಗದ ತೀವ್ರತೆ ಶೇಕಡ ೯೪ರಷ್ಟು ಕಡಿಮೆಯಾಯಿತು. ಇಳುವರಿ ಶೇಕಡ ೮೯ರಷ್ಟು ಹೆಚ್ಚಾಯಿತು. ರೋಗಾಣುವಿಗೆ ಒಂದು ಬಾಗಿಲಿನಿಂದ ಮುಂದಿನ ಬಾಗಿಲಿಗೆ ಹೋಗುವ ದಾರಿಯೇ ಕಡಿದುಹೋಗಿತ್ತು.

ನಮ್ಮ ಹಿರಿಯರು ವಂಶವಾಹಿಯ ಹೆಸರನ್ನು ಕೇಳಿದವರಲ್ಲ. ಆದರೂ ಒಂದು ಸೀಮೆಯಲ್ಲಿ ಒಂದೇ ತಳಿಯನ್ನು ಬೆಳೆಯುವ ಪದ್ಧತಿ ಅವರಲ್ಲಿರಲಿಲ್ಲ. ರಾಜಮುಡಿ, ರತ್ನಚೂಡಿ, ಗಂಧಸಾಲೆ, ಜೀರಿಗೆಸಣ್ಣ ಮೊದಲಾದ ತಳಿಗಳು ತಮ್ಮ ತಮ್ಮ ನೆಲಕ್ಕೂ ಹವೆಗೂ ಹೊಂದಿಕೊಂಡು ಬಂದವು. ಅಘನಾಶಿನಿ ನದಿಯು ಕಡಲನ್ನು ಸೇರುವೆಡೆಯ ಉಪ್ಪುನೀರಿನ ಗಜನಿ ಗದ್ದೆಗಳಲ್ಲಿ ಕಗ್ಗವೆಂಬ ಭತ್ತ ಬೆಳೆಯುತ್ತದೆ. ಬೇರೆ ತಳಿಗಳು ಬದುಕದ ಉಪ್ಪನ್ನು ಅದು ಸಹಿಸುತ್ತದೆ. ಇಂತಹ ಒಂದೊಂದು ತಳಿಯೂ ಒಂದೊಂದು ಬಗೆಯ ವಂಶವಾಹಿಗಳ ಭಂಡಾರ. ಅಧಿಕ ಇಳುವರಿಯ ತಳಿಗಳು ಬಂದಾಗ ಇವು ಹಿಂದೆ ಸರಿದವು. ಹೆಚ್ಚುತ್ತಿರುವ ಜನರ ಹೊಟ್ಟೆ ತುಂಬಿಸಿದ ಹೊಸ ತಳಿಗಳನ್ನು ಹಳಿಯುವುದು ನ್ಯಾಯವಲ್ಲ. ಆದರೆ ಆ ಹೊಸ ತಳಿಗಳ ಆಯುಸ್ಸು ಹಳೆಯ ತಳಿಗಳಿಂದಲೂ ಕಾಡುಹುಲ್ಲುಗಳಿಂದಲೂ ತರುವ ಕಾವಲನ್ನೇ ಅವಲಂಬಿಸಿದೆಯೆಂಬುದನ್ನು ಮರೆಯುವುದೂ ವಿವೇಕವಲ್ಲ.

ಇಂದು ಅಂತರರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆಯ ಶೀತಲ ಭಂಡಾರದಲ್ಲಿ ಒಂದು ಲಕ್ಷ ಮೂವತ್ತು ಸಾವಿರದಷ್ಟು ಬೀಜದ ಮಾದರಿಗಳಿವೆ. ಭಾರತವೂ ಸೇರಿ ಹಲವು ದೇಶಗಳು ಕೂಡಿ ನಡೆಸಿದ ಪ್ರಯತ್ನದಿಂದ ಭತ್ತದ ವಂಶವಾಹಿಗಳ ಸಮಗ್ರ ನಕ್ಷೆಯೂ ೨೦೦೫ರಲ್ಲಿ ಪೂರ್ಣಗೊಂಡಿತು. ಆದರೆ ಭಂಡಾರದಲ್ಲಿ ನಿದ್ರಿಸುವ ಬೀಜವು ತಾನು ಬಂದ ದಿನದ ಸ್ಥಿತಿಯಲ್ಲಿಯೇ ಇರುತ್ತದೆ. ಹೊರಗೆ ಗದ್ದೆಯಲ್ಲಿ ರೋಗಾಣು ದಿನದಿನವೂ ಬದಲಾಗುತ್ತಿರುತ್ತದೆ. ಆದ್ದರಿಂದ ಭಂಡಾರವೂ ಬೇಕು, ತಳಿಗಳನ್ನು ನೆಲದಲ್ಲಿ ಬೆಳೆದು ಉಳಿಸುವ ರೈತರೂ ಬೇಕು, ಕಾಡುಭತ್ತ ಬೆಳೆಯಲು ಕೆರೆಕುಂಟೆಗಳ ಅಂಚೂ ಬೇಕು. ಪೈರಿಗೂ ರೋಗಕ್ಕೂ ನಡೆಯುವ ಹೋರಾಟದಲ್ಲಿ ಕೊನೆಯ ಗೆಲುವೆಂಬುದು ಇಲ್ಲ. ಒಂದು ಕಾವಲು ಸೋತಾಗ ಮತ್ತೊಂದನ್ನು ನಿಲ್ಲಿಸುವಷ್ಟು ಸಂಪತ್ತು ನಮ್ಮ ಕೈಯಲ್ಲಿ ಉಳಿದಿರಬೇಕು, ಅಷ್ಟೆ. ಮುಂದೆಂದೋ ಬರಲಿರುವ, ಇನ್ನೂ ಹೆಸರಿಲ್ಲದ ರೋಗವೊಂದಕ್ಕೆ ಮದ್ದು, ಇಂದು ನಾವು ಕಳೆಯೆಂದು ಕಿತ್ತೆಸೆಯುವ ಹುಲ್ಲಿನಲ್ಲಿಯೇ ಇರಬಹುದು.